ಹೀಟರ್ ಹೋಸ್ ಬದಲಿಸಿದ ನನ್ನ ಅನುಭವ

ಬಿಸಿ ಕೂಲೆಂಟನ್ನು (ಎಂಜಿನ್ ತಣಿಸುವ ದ್ರವ) ಕಾರಿನ ಹೀಟರಿಗೆ ಒಯ್ದು ಮರಳಿ ತರುವ ಎರಡು ಹೋಸುಗಳಲ್ಲಿ ಒಂದು ಸೋರಿದರೆ, ಎಂಜಿನ್ ಕಡೆಯ ಎರಡು ಕೊಳವೆಗಳನ್ನೂ ಒಂದಕ್ಕೊಂದು ಜೋಡಿಸಿ ಹೀಟರನ್ನೇ ಕೈಬಿಡುವುದು ಬಯಲುಸೀಮೆಯಲ್ಲಿ ನಡೆಯಬಹುದು; ಮಡಿಕೇರಿಯ ಮಳೆಗಾಲದಲ್ಲಿ ಎ.ಸಿ. ಇಲ್ಲದ ನನ್ನ ಹಳೆಯ ಕಾರಿನ ಗಾಜಿಗೆ ಕಟ್ಟುವ ಮಂಜನ್ನು ಬಿಡಿಸಲು ಹೀಟರೇ ಬೇಕು, ಹಾಗಾಗಿ ಅದು ಸಾಧ್ಯವಿರಲಿಲ್ಲ.

ಕಾರಿನಡಿ ಒಂದು ಹನಿಯೂ ಕಾಣದಿದ್ದರೂ ಕೂಲೆಂಟ್ ಮಟ್ಟ ಇಳಿಯುತ್ತಲೇ ಇತ್ತು. ಸೋರುತ್ತಿರುವುದು ಡ್ಯಾಶ್‌ಬೋರ್ಡ್ ಹಿಂದಿನ ಹೀಟರ್ ಕೋರ್ (ಕೂಲೆಂಟಿನ ಬಿಸಿಯನ್ನು ಗಾಳಿಗೆ ಕೊಡುವ ಪುಟ್ಟ ರೇಡಿಯೇಟರ್) ಆಗಿದ್ದರೆ ಒಳಗೆ ಸಿಹಿ ವಾಸನೆ ಬರುತ್ತದೆ, ಗಾಜಿನ ಮೇಲೆ ಜಿಡ್ಡಿನ ಪೊರೆ ಕೂರುತ್ತದೆ, ಕಾಲಡಿಯ ಕಾರ್ಪೆಟ್ ಒದ್ದೆಯಾಗುತ್ತದೆ. ಇವಾವುವೂ ಇಲ್ಲದ್ದರಿಂದ ಬಾನೆಟ್ ಒಳಗೇ ಹುಡುಕಲು ನಿರ್ಧರಿಸಿದೆ.

ಬೆಳಿಗ್ಗೆ ಎಂಜಿನ್ ಪೂರ್ತಿ ತಣ್ಣಗಿರುವಾಗ ರೇಡಿಯೇಟರ್ ಬಾಯಿಗೆ ಪ್ರೆಶರ್ ಟೆಸ್ಟರ್ (ಒತ್ತಡ ತೋರಿಸುವ ಮುಳ್ಳಿರುವ ಕೈಪಂಪು) ಕೂರಿಸಿ, ಮುಚ್ಚಳದ ಮೇಲೆ ಬರೆದಿದ್ದ 0.9 ಬಾರ್‌ವರೆಗೆ ಮಾತ್ರ ಒತ್ತಡ ಕೊಟ್ಟೆ. ಅದಕ್ಕಿಂತ ಹೆಚ್ಚಿಸಿದರೆ ಹಳೆಯ ರೇಡಿಯೇಟರೇ ಬಿರಿಯಬಹುದು. ಮುಳ್ಳು ನಿಧಾನವಾಗಿ ಇಳಿಯತೊಡಗಿದಾಗ ಟಾರ್ಚು ಮತ್ತು ಸಣ್ಣ ಕನ್ನಡಿ ಹಿಡಿದು ನೋಡಿದರೆ, ಹೋಸನ್ನು ಬಿಗಿದಿಡುವ ಎಂಜಿನ್ ಬದಿಯ ಕ್ಲಿಪ್ಪಿನ ಹಿಂದೆ ಹಸಿರು ಹನಿಯೊಂದು ಮೂಡಿ, ಹೋಸಿನ ಹೊಟ್ಟೆಯಗುಂಟ ಜಾರಿ, ಗೇರ್‌ಬಾಕ್ಸಿನ ಮೇಲೆ ಬೀಳುತ್ತಿತ್ತು. ಎಂಜಿನ್ ಕಾದಾಗ ರಬ್ಬರು ಹಿಗ್ಗಿ ಸಂದು ಮುಚ್ಚಿಕೊಳ್ಳುತ್ತದೆ, ಬಿದ್ದ ಹನಿಯೂ ಆವಿಯಾಗುತ್ತದೆ. ಬಿಸಿ ಎಂಜಿನ್ ನೋಡಿ ಸೋರಿಕೆಯಿಲ್ಲವೆಂದು ಹೇಳುವವರ ಮಾತನ್ನು ನಾನು ಅಷ್ಟಾಗಿ ನಂಬುವುದಿಲ್ಲ.

ಕೂಲೆಂಟನ್ನು ಬಸಿದ ಮೇಲೆ ನಿಜವಾಗಿ ತಾಳ್ಮೆ ಬೇಡಿದ್ದು ಹೀಟರ್ ಕೋರಿನ ಕಡೆಯ ತುದಿ. ಅಲ್ಲಿನ ಕೊಳವೆ ಬಲು ತೆಳು. ಇಕ್ಕಳದಿಂದ ಹೋಸನ್ನು ತಿರುಚಿದರೆ ಕೊಳವೆ ಸೊಟ್ಟಗಾಗಿ, ಡ್ಯಾಶ್‌ಬೋರ್ಡನ್ನೇ ಬಿಚ್ಚುವ ಪಾಡು ಬರುತ್ತದೆ. ಆದ್ದರಿಂದ ಹೋಸನ್ನು ಬ್ಲೇಡಿನಿಂದ ಉದ್ದುದ್ದಕ್ಕೆ ಸೀಳಿ, ಬಾಳೆಸಿಪ್ಪೆಯಂತೆ ಸುಲಿದು ತೆಗೆದೆ. ಕಟ್ಟಿಕೊಂಡಿದ್ದ ಬಿಳಿ ಉಪ್ಪನ್ನು ನಯವಾದ ಎಮರಿ ಕಾಗದದಿಂದ ಉಜ್ಜಿ, 16 ಮಿ.ಮೀ. ಒಳವ್ಯಾಸದ, ತಿರುವಿಗೆ ತಕ್ಕಂತೆ ಅಚ್ಚು ಹಾಕಿದ ಹೊಸ ಹೋಸುಗಳನ್ನು ಸಾಬೂನು ನೀರು ಸವರಿ ಏರಿಸಿದೆ. ಇಲ್ಲಿ ಗ್ರೀಸು ಕೂಡದು, ಎಣ್ಣೆ ತಾಗಿದರೆ ಈ ಜಾತಿಯ ರಬ್ಬರು ಉಬ್ಬಿ ಮೆತ್ತಗಾಗುತ್ತದೆ. ಕ್ಲಿಪ್ಪು ಕೊಳವೆಯ ಉಬ್ಬಿದ ಅಂಚನ್ನು ದಾಟಿ ಕೂರಬೇಕು. ಅಂಚಿನ ಮೇಲೆಯೇ ಬಿಗಿದರೆ ಮತ್ತೆ ಸೋರುತ್ತದೆ.

ಕೂಲೆಂಟನ್ನೂ ಡಿಸ್ಟಿಲ್ಡ್ ನೀರನ್ನೂ ಸಮಪಾಲು ಬೆರೆಸಿ ತುಂಬಿ, ಕಾರಿನ ಮೂತಿ ಏರಿನ ಕಡೆಗಿರುವಂತೆ ನಿಲ್ಲಿಸಿ, ಹೀಟರ್ ಗುಂಡಿಯನ್ನು ಪೂರ್ತಿ ಬಿಸಿಗೆ ತಿರುಗಿಸಿ, ಗುಳ್ಳೆಗಳು ನಿಲ್ಲುವವರೆಗೆ ಎಂಜಿನ್ ಓಡಿಸಿದೆ. ಎರಡೂ ಹೋಸುಗಳು ಬಿಸಿಯಾದವು; ಒಂದು ತಣ್ಣಗೇ ಉಳಿದಿದ್ದರೆ ಒಳಗೆ ಗಾಳಿ ಸಿಕ್ಕಿಕೊಂಡಿದೆ ಇಲ್ಲವೇ ಕೋರ್ ಕಟ್ಟಿದೆ ಎಂದರ್ಥ. ಬಸಿದ ಹಳೆಯ ಕೂಲೆಂಟನ್ನು ಮಾತ್ರ ತಕ್ಷಣವೇ ಡಬ್ಬಿಯಲ್ಲಿ ಮುಚ್ಚಿಟ್ಟೆ. ಸಿಹಿಯೆಂದು ನೆಕ್ಕುವ ನಾಯಿಗಳ ಮೂತ್ರಪಿಂಡವನ್ನು ಅದು ಕೆಡಿಸುತ್ತದೆ. ಮರುದಿನ ತಣ್ಣನೆಯ ಎಂಜಿನ್ನಿಗೆ ಮತ್ತೆ ಒತ್ತಡ ಕೊಟ್ಟಾಗ ಮುಳ್ಳು 0.9ರಲ್ಲೇ ನಿಂತಿತು.