ಚೆಂಡು ಮಲ್ಲಿಗೆ, ಕೋರಿ ರೊಟ್ಟಿ ಮತ್ತು ಕಡವಿನ ದೋಣಿ

ಅಣ್ಣನ ಸಂಸಾರ ದಾವಣಗೆರೆಯಿಂದ ಮಂಗಳೂರಿಗೆ ಮೊದಲ ಸಲ ಬಂದದ್ದು ಜುಲೈ ತಿಂಗಳಲ್ಲಿ. ಬಾಡಿಗೆ ಕಾರು ಹಿಡಿದು ಒಂದೇ ದಿನದಲ್ಲಿ ಏಳು ಜಾಗ ತೋರಿಸಿದೆ. ರಾತ್ರಿ ಅತ್ತಿಗೆಯನ್ನು ಹೇಗಿತ್ತು ಎಂದು ಕೇಳಿದರೆ, "ಚಪ್ಪಲಿ ಬಿಟ್ಟಿದ್ದು, ಹಾಕಿದ್ದು ನೆನಪಿದೆ" ಎಂದರು. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆಗೆ ನಿಷೇಧ. ಹಾಗಾಗಿ ಹೋಟೆಲಿನಲ್ಲಿ ಸಿಕ್ಕಿದ್ದು ಮಂಜುಗಡ್ಡೆಯೊಳಗೆ ಹಳಸಿದ ಮೀನು. ಹದಿನೈದು ವರ್ಷದಿಂದ ಇಲ್ಲಿರುವ ನನಗೆ ಅದು ಹೊಳೆಯದೇ ಹೋದದ್ದು ಇಂದಿಗೂ ನಾಚಿಕೆ.

ಎರಡನೆಯ ಸಲ ಡಿಸೆಂಬರ್‌ಗೆ ಕರೆಸಿದೆ. ಈ ಬಾರಿ ಕಾರು ಬೇಡ, ಸಿಟಿ ಬಸ್ಸೇ ಸಾಕು ಎಂದೆ. ಕಂಡಕ್ಟರ್ "ದುಂಬು ಪೋಲೆ" ಎಂದಾಗ ಅಣ್ಣ ನನ್ನ ಮುಖ ನೋಡಿದ. ಮುಂದೆ ಹೋಗಿ ಎನ್ನುವ ತುಳು ಮಾತು ಅದು. ಮಧ್ಯಾಹ್ನದ ಹೊತ್ತಿಗೆ ಅವನ ಮಗಳು ಅದನ್ನೇ ಹೇಳಿ ಅವನನ್ನು ತಳ್ಳುತ್ತಿದ್ದಳು.

ಬೆಳಿಗ್ಗೆ ಬನ್ಸ್ ತಿಂದೆವು. ಬಾಳೆಹಣ್ಣು ಕಿವುಚಿ ಮೈದಾಕ್ಕೆ ಕಲಸಿ, ಹುಳಿ ಬರಿಸಿ ಕರಿದ ಸಿಹಿ ಪೂರಿ ಎಂದುಕೊಳ್ಳಿ. ಆಮೇಲೆ ಹಂಪನಕಟ್ಟೆಯ ಹೂವಿನಂಗಡಿ. ಅತ್ತಿಗೆ ಅಭ್ಯಾಸಬಲದಿಂದ "ಎರಡು ಮೊಳ ಕೊಡಿ" ಎಂದರು. ಹೂವಿನವರು ನಕ್ಕರು. ಉಡುಪಿ ಮಲ್ಲಿಗೆಗೆ ಮೊಳದ ಲೆಕ್ಕವಿಲ್ಲ. 800 ಹೂವು ಸೇರಿದರೆ ಒಂದು ಚೆಂಡು, ನಾಲ್ಕು ಚೆಂಡು ಸೇರಿದರೆ ಒಂದು ಅಟ್ಟೆ. ಬಾಳೆನಾರಿನಲ್ಲಿ ಒತ್ತಾಗಿ ಕಟ್ಟಿ, ಎಲೆಯಲ್ಲಿ ಸುತ್ತಿಟ್ಟಿರುತ್ತಾರೆ. ದರ ದಿನಕ್ಕೊಂದು, ಮದುವೆಯ ಕಾಲದಲ್ಲಂತೂ ಕೇಳುವುದೇ ಬೇಡ. ಅರ್ಧ ಚೆಂಡು ಮುಡಿದ ಅತ್ತಿಗೆ ಇಡೀ ದಿನ ತಲೆ ನೇರ ಹಿಡಿದುಕೊಂಡೇ ನಡೆದರು.

ನೋಡುವ ಜಾಗಗಳಲ್ಲಿ ಎರಡನ್ನಷ್ಟೇ ಉಳಿಸಿಕೊಂಡಿದ್ದೆ. ಕದ್ರಿ ದೇವಸ್ಥಾನದ ಲೋಕೇಶ್ವರನ ಕಂಚಿನ ಮೂರ್ತಿಯ ಎದುರು ತುಸು ಹೆಚ್ಚೇ ನಿಂತೆವು. ಪೀಠದ ಶಾಸನ ಕ್ರಿ.ಶ. 968ರದು. ಸಂತ ಅಲೋಶಿಯಸ್ ಚಾಪೆಲ್‌ನಲ್ಲಿ ಇಟಲಿಯ ಮೊಸ್ಕೇನಿ ಬರೆದ ಚಿತ್ರಗಳನ್ನು ನೋಡಲು ಮಕ್ಕಳು ಬೆಂಚಿನ ಮೇಲೆ ಕತ್ತೆತ್ತಿ ಕುಳಿತವರು ಏಳಲು ಒಪ್ಪಲಿಲ್ಲ.

ಊಟದ ವಿಷಯದಲ್ಲಿ ನನ್ನದೊಂದು ಕ್ರಮವಿದೆ. ಪಟ್ಟಿ ಓದುವುದಿಲ್ಲ, ಮಸಾಲೆ ಹಚ್ಚಿದ ಮೀನಿನ ತಟ್ಟೆಯನ್ನೇ ಮೇಜಿಗೆ ತರಿಸುತ್ತೇನೆ. ಮುಳ್ಳಿಗೆ ಹೆದರುವವರಿಗೆ ಕಾಣೆ ಮೀನಿನ ರವಾ ಫ್ರೈ. ನಡುಮುಳ್ಳಿನ ಎರಡೂ ಬದಿಯಿಂದ ಮಾಂಸ ಸಲೀಸಾಗಿ ಬಿಡುತ್ತದೆ. ಬಂಗುಡೆ ಮೀನಿನ ಹುಳಿ-ಖಾರದ ಪುಳಿಮುಂಚಿಗೆ ಕೈ ಪಳಗಿರಬೇಕು. ಅಣ್ಣ ಮಾತ್ರ ಕೋರಿ ರೊಟ್ಟಿಯನ್ನು ನಮ್ಮೂರಿನ ರೊಟ್ಟಿಯಂತೆ ಮುರಿದು ಅದ್ದತೊಡಗಿದ. ತಡೆದೆ. ಕುಚ್ಚಲಕ್ಕಿಯ ಆ ಗರಿಗರಿ ಹಾಳೆಯನ್ನು ತಟ್ಟೆಯಲ್ಲೇ ಪುಡಿಮಾಡಿ, ಮೇಲೆ ಕೋಳಿ ಗಸಿ ಸುರಿದು, ತುಸು ಕಾಯಬೇಕು. ಅಡಿಯದು ನೆನೆದು ಮೆತ್ತಗಾಗಿರಬೇಕು, ಮೇಲಿನದು ಇನ್ನೂ ಕುರುಕುರು ಎನ್ನುತ್ತಿರಬೇಕು. ಕಾಯಿಯೂ ಬ್ಯಾಡಗಿ ಮೆಣಸೂ ಹುರಿದು ಅರೆದ ಆ ಗಸಿಯ ಬಣ್ಣ ಬೆರಳಿನಿಂದ ಸಂಜೆಯಾದರೂ ಹೋಗಲಿಲ್ಲ. ಅವನು ಎರಡನೆಯ ಸಲ ಹಾಕಿಸಿಕೊಂಡ. ನಾನು ಲೆಕ್ಕ ಇಡಲಿಲ್ಲ.

ನಾಲ್ಕು ಗಂಟೆಗೆ ಗೋಳಿಬಜೆ, ಚಹಾ. ಬಳಿಕ ಬೋಳೂರಿನ ಸುಲ್ತಾನ್ ಬತ್ತೇರಿ. 1784ರಲ್ಲಿ ಟಿಪ್ಪು ಕಟ್ಟಿಸಿದ ಕಪ್ಪು ಕಲ್ಲಿನ ಕಾವಲು ಗೋಪುರದ ಕಿಂಡಿಯಲ್ಲಿ ನೋಡಿದರೆ ಕೆಳಗೆ ಗುರುಪುರ ನದಿ, ಆಚೆ ತೆಂಗಿನ ಸಾಲು. ಜುಲೈಯಲ್ಲಿ ನದಿ ದಾಟಿಸುವ ಕಡವು ನಿಂತಿತ್ತು. ಈಗ ದೋಣಿಯಿತ್ತು. ಕೆಲವೇ ನಿಮಿಷದಲ್ಲಿ ತಣ್ಣೀರುಬಾವಿಯ ದಡ, ಮರಗಳ ನಡುವೆ ನಡೆದರೆ ಕಡಲು. ರಸ್ತೆ ಹಿಡಿದರೆ ನಗರ ಸುತ್ತಿ ಬರಬೇಕು.

ನೀರಿನ ಮೇಲೆ ಕಾರಿನ ಕಿಟಕಿಯಲ್ಲಿ ಎಂದೂ ಕಾಣದ ಮಂಗಳೂರು ತೆರೆದುಕೊಂಡಿತು. ದಡದಲ್ಲಿ ಬಲೆ ಒಣಗುತ್ತಿತ್ತು, ಗುಡ್ಡದ ಮೇಲೆ ಹೆಂಚಿನ ಮಾಡುಗಳು, ಅವುಗಳ ಹಿಂದೆ ಎತ್ತರದ ವಸತಿ ಕಟ್ಟಡಗಳು. ಅಣ್ಣ ಮಾತೇ ಆಡಲಿಲ್ಲ. ಸೂರ್ಯ ಮುಳುಗಿದ ಮೇಲೂ ಮಕ್ಕಳು ಮರಳು ಬಿಡಲಿಲ್ಲ. ಕೊನೆಯ ದೋಣಿಗೆ ಓಡಬೇಕಾಯಿತು.

ದೋಣಿಯಿಂದ ಇಳಿಯುವಾಗ ಅಣ್ಣ ಕೇಳಿದ್ದು ಒಂದೇ ಪ್ರಶ್ನೆ: "ಬಂದರಿನ ಧಕ್ಕೆಯಲ್ಲಿ ಮೀನು ಇಳಿಸುವುದು ಬೆಳಿಗ್ಗೆ ಎಷ್ಟು ಗಂಟೆಗೆ?" ಐದಕ್ಕೆ ಅಲಾರಾಂ ಇಟ್ಟೆ.