ತೇರಿನ ಮಾರನೇ ದಿನ ತೋಟಕ್ಕೆ

ನಂಜನಗೂಡಿನ ದೊಡ್ಡ ಜಾತ್ರೆಗೆ ಮೊದಲ ಸಲ ಹೋದಾಗ ನಾನು ಬಸ್ಸಿನಿಂದ ಇಳಿದದ್ದು ಬೆಳಿಗ್ಗೆ ಒಂಬತ್ತೂವರೆಗೆ. ಬೇಗ ಬಂದೆ ಅಂತಲೇ ಅಂದುಕೊಂಡಿದ್ದೆ. ರಥಬೀದಿಗೆ ಹೋಗಿ ನೋಡಿದರೆ ನೆಲದ ತುಂಬ ಜಜ್ಜಿ ಹೋದ ಬಾಳೆಹಣ್ಣು, ತುಳಿದ ಜವನದ ಕಡ್ಡಿ. ಗಾಳಿಯಲ್ಲೆಲ್ಲ ಅದರ ಘಮ. ತೇರುಗಳು ಆಗಲೇ ಸುತ್ತು ಮುಗಿಸಿ ನಿಂತಿದ್ದವು. ಹೂವಿನ ಬುಟ್ಟಿ ಇಟ್ಟುಕೊಂಡು ಕೂತಿದ್ದ ಅಜ್ಜಿಯೊಬ್ಬರನ್ನು ಕೇಳಿದೆ.

"ಮುಗೀತಲ್ಲಪ್ಪಾ. ಬೆಳಕು ಹರಿಯೋ ಹೊತ್ತಿಗೇ ಎಳೆಯೋಕೆ ಶುರು ಮಾಡಿದ್ರು. ನೀನು ರಾತ್ರಿನೇ ಬಂದು ಮಲಗಬೇಕಾಗಿತ್ತು."

ಸಣ್ಣ ಊರುಗಳನ್ನು ನೋಡುವ ಬಗ್ಗೆ ನನಗೆ ಸಿಕ್ಕ ಮೊದಲ ಪಾಠ ಅದು. ಅದಕ್ಕಿಂತ ಒಳ್ಳೆಯದು ಆಮೇಲೂ ಸಿಕ್ಕಿಲ್ಲ. ಇಂಥ ಊರುಗಳಿಗೆ ಅವುಗಳದೇ ಹೊತ್ತು ಇರುತ್ತದೆ. ನಮಗೆ ರಜೆ ಸಿಕ್ಕ ಹೊತ್ತಿಗೆ, ಬಸ್ಸು ಸಿಕ್ಕ ಹೊತ್ತಿಗೆ ಹೋದರೆ ಊರು ಕಾಣುತ್ತದೆ, ಜಾತ್ರೆ ಕಾಣುವುದಿಲ್ಲ.

ಮರುವರ್ಷ ಹಿಂದಿನ ಸಂಜೆಯೇ ಹೋಗಿ ಉಳಿದೆ. ಇನ್ನೂ ಕತ್ತಲಿರುವಾಗ ಎದ್ದು ಬೀದಿಗೆ ಬಂದೆ. ಗಣಪತಿ, ಶ್ರೀಕಂಠೇಶ್ವರ, ಪಾರ್ವತಿ, ಸುಬ್ರಹ್ಮಣ್ಯ, ಚಂಡಿಕೇಶ್ವರ, ಹೀಗೆ ಐದು ತೇರು. ಶ್ರೀಕಂಠೇಶ್ವರನ ತೇರಿಗೆ ಗೌತಮ ರಥ ಅಂತ ಹೆಸರು. ಅದು ಅಲುಗಿದಾಗ ಮೊದಲು ಮರ ಕಿರುಗುಟ್ಟುವ ಸದ್ದು ಕೇಳಿತು, ಆಮೇಲೆ ಜನರ ಕೂಗು. ಹೊಸದಾಗಿ ಮದುವೆಯಾದ ಜೋಡಿಗಳು ಬಾಳೆಹಣ್ಣಿಗೆ ಜವನ ಸಿಕ್ಕಿಸಿಕೊಂಡು ಕಾಯುತ್ತಿದ್ದರು. ತೇರು ಹತ್ತಿರ ಬಂದದ್ದೇ ತಡ, ಹಣ್ಣು ಜವನ ಮಳೆಯ ಹಾಗೆ ಹಾರಿತು. ನನ್ನ ಪಕ್ಕದಲ್ಲಿದ್ದ ಹುಡುಗಿ ಎಸೆದ ಹಣ್ಣು ತೇರಿಗೆ ತಗಲದೆ ಕೆಳಗೆ ಬಿತ್ತು. ಅವಳ ಅತ್ತೆ ಏನೂ ಮಾತಾಡದೆ ಚೀಲದಿಂದ ಇನ್ನೊಂದು ಹಣ್ಣು ತೆಗೆದು ಕೈಗಿಟ್ಟರು. ಹಿಂದಿನ ವರ್ಷ ನಾನು ನೆಲದ ಮೇಲೆ ಕಂಡಿದ್ದು ಇದರ ಉಳಿಕೆ ಅಂತ ಆಗ ಗೊತ್ತಾಯಿತು.

ಹೊತ್ತು ತಿಳಿಯುವುದು ಹೇಗೆ? ದಿನಾಂಕ ನೆಚ್ಚಿಕೊಂಡರೆ ಆಗುವುದಿಲ್ಲ. ನಮ್ಮ ಜಾತ್ರೆಗಳು ಹೆಚ್ಚಾಗಿ ತಿಥಿ, ನಕ್ಷತ್ರ ನೋಡಿಕೊಂಡು ನಡೆಯುತ್ತವೆ. ಚಾಂದ್ರಮಾನದ ವರ್ಷಕ್ಕೆ ಸುಮಾರು 354 ದಿನ. ಹಾಗಾಗಿ ತಿಥಿಯ ಹಬ್ಬ ಪ್ರತಿ ವರ್ಷ ಹತ್ತು ಹನ್ನೊಂದು ದಿನ ಹಿಂದೆ ಸರಿಯುತ್ತದೆ. ಅಧಿಕ ಮಾಸ ಬಂದ ವರ್ಷ ಒಂದೇ ಸಲ ಮುಂದಕ್ಕೆ ಹೋಗುತ್ತದೆ. ಹೋದ ವರ್ಷ ಫೆಬ್ರವರಿಯಲ್ಲಿ ಆಗಿತ್ತು ಅಂತ ಈ ವರ್ಷವೂ ಅದೇ ವಾರ ಹೊರಟು ಬಿಟ್ಟರೆ ಖಾಲಿ ಬೀದಿ ನೋಡಬೇಕಾಗುತ್ತದೆ. ನಾನು ಪಂಚಾಂಗದಲ್ಲಿ ದಿನ ನೋಡುತ್ತೇನೆ, ದೇವಸ್ಥಾನಕ್ಕೆ ಫೋನ್ ಮಾಡಿ ಮುಹೂರ್ತ ಕೇಳುತ್ತೇನೆ, ಊರಿಗೆ ಹೋದ ಮೇಲೆ ಹೂವಿನವರನ್ನು ಕೇಳುತ್ತೇನೆ. ಕೊನೆಯ ಮಾತು ಯಾವಾಗಲೂ ಹೂವಿನವರದ್ದೇ. ಎಷ್ಟು ಹೊತ್ತಿಗೆ ಜನ ಸೇರುತ್ತಾರೆ, ಎಲ್ಲಿ ನಿಂತರೆ ಕಾಣುತ್ತೆ, ಯಾವ ಕಡೆಯಿಂದ ಬಸ್ಸು ನಿಲ್ಲಿಸಿಬಿಡುತ್ತಾರೆ, ಎಲ್ಲ ಅವರಿಗೆ ಗೊತ್ತಿರುತ್ತದೆ.

ಮೇಲುಕೋಟೆ ವೈರಮುಡಿಗೆ ಮೊದಲ ಸಲ ಹೋದಾಗಲೂ ತಪ್ಪು ಮಾಡಿದೆ. ಈ ಸಲ ಹೊತ್ತಿಗೆ ಸರಿಯಾಗಿ ಹೋಗಿದ್ದೆ, ಜಾಗ ತಪ್ಪಿತ್ತು. ವಜ್ರದ ಆ ಕಿರೀಟವನ್ನು ಮಂಡ್ಯದ ಖಜಾನೆಯಿಂದ ಪೊಲೀಸ್ ಕಾವಲಿನಲ್ಲಿ ತರುತ್ತಾರೆ. ದಾರಿಯಲ್ಲಿ ಊರೂರಿನವರು ಆರತಿ ಹಿಡಿದು ಕಾಯುತ್ತಾರೆ. ಹಗಲಿನಲ್ಲಿ ಅದನ್ನು ತೆರೆಯುವುದಿಲ್ಲ. ರಾತ್ರಿ ಗರುಡವಾಹನದ ಮೇಲೆ ಚೆಲುವನಾರಾಯಣ ಆ ಮುಡಿ ಧರಿಸಿ ಹೊರಗೆ ಬರುತ್ತಾನೆ. ಎಲ್ಲರ ಹಾಗೆ ನಾನೂ ದೇವಸ್ಥಾನದ ಬಾಗಿಲ ಹತ್ತಿರವೇ ನಿಂತೆ. ಕಂಡಿದ್ದು ಮುಂದಿನವರ ತಲೆ ಮತ್ತು ಎತ್ತಿ ಹಿಡಿದ ಫೋನುಗಳು. ಉಸಿರು ಕಟ್ಟುವ ಹಾಗೆ ಆಗಿ ಹೊರಗೆ ಬಂದುಬಿಟ್ಟೆ.

ಎರಡನೇ ಸಲ ದೂರದ ತಿರುವಿನಲ್ಲಿ ಒಂದು ಮನೆಯ ಜಗುಲಿಯ ಪಕ್ಕ ನಿಂತೆ. ಮನೆಯವರು ತಾವಾಗಿಯೇ ಕರೆದು ಜಗುಲಿ ಮೇಲೆ ಕೂರಿಸಿದರು. ಮೆರವಣಿಗೆ ಅಲ್ಲಿಗೆ ಬರಲು ತುಂಬ ಹೊತ್ತು ಹಿಡಿಯಿತು. ಬಂದಾಗ ಮಾತ್ರ ಎಲ್ಲವೂ ಕಂಡಿತು. ಮುಂದೆ ದಿವ್ಯ ಪ್ರಬಂಧ (ಆಳ್ವಾರರ ತಮಿಳು ಹಾಡುಗಳು) ಹೇಳುವ ಗೋಷ್ಠಿ, ಹಿಂದೆ ವೇದ ಹೇಳುವವರು, ನಡುವೆ ದೀವಟಿಗೆಯ ಬೆಳಕಿನಲ್ಲಿ ದೇವರು. ತಿರುವಿನಲ್ಲಿ ಹೊರುವವರು ಹೆಗಲು ಬದಲಿಸಲು ನಿಂತರು. ಆ ಒಂದೆರಡು ನಿಮಿಷ ಮುಡಿಯ ಕಲ್ಲುಗಳು ಬೆಂಕಿಗೆ ಒಂದೊಂದಾಗಿ ಮಿಂಚುತ್ತಿದ್ದವು. ನಡುರಾತ್ರಿ ಕಳೆದ ಮೇಲೆ ವೈರಮುಡಿ ತೆಗೆದು ರಾಜಮುಡಿ ಧರಿಸುತ್ತಾರೆ. ಅದು ರಾಜ ಒಡೆಯರು ಕೊಟ್ಟದ್ದು. ಅಷ್ಟು ಹೊತ್ತಿಗೆ ಜನ ಅರ್ಧಕ್ಕರ್ಧ ಹೋಗಿರುತ್ತಾರೆ. ಉಳಿದವರು ದೇವರ ಜೊತೆ ಸುಮ್ನೆ ನಡೆಯುತ್ತಾರೆ. ನನಗೆ ಆ ಹೊತ್ತೇ ಹೆಚ್ಚು ಇಷ್ಟ.

ಇನ್ನೊಂದು ವಿಷಯ. ಫಾಲ್ಗುಣದ ನೂಕುನುಗ್ಗಲು ಬೇಡ ಅನ್ನುವವರು ಆಷಾಢದಲ್ಲಿ ಹೋಗಬಹುದು. ಮುಮ್ಮಡಿ ಕೃಷ್ಣರಾಜ ಒಡೆಯರು ಕೊಟ್ಟ ಕೃಷ್ಣರಾಜಮುಡಿಯ ಉತ್ಸವ ಆಗ ನಡೆಯುತ್ತದೆ. ಅದೇ ದೇವರು, ಅದೇ ಬೀದಿ, ಜನ ಎಷ್ಟೋ ಕಡಿಮೆ. ಮಳೆಯ ತುಂತುರು ಇರುತ್ತದೆ, ಬೆಟ್ಟ ಹಸಿರಾಗಿರುತ್ತದೆ. ಮನೆಯಲ್ಲಿ ವಯಸ್ಸಾದವರು ಇದ್ದರೆ ಅವರನ್ನು ಕರೆದುಕೊಂಡು ಹೋಗಲು ಇದೇ ಒಳ್ಳೆಯದು ಅಂತ ನನ್ನ ಅನಿಸಿಕೆ.

ತೋಟದ ವಿಷಯಕ್ಕೆ ಬರುತ್ತೇನೆ. ಜಾತ್ರೆಯ ದಿನವೇ ತೋಟವನ್ನೂ ನೋಡಿಬಿಡೋಣ ಅಂತ ಎಷ್ಟೋ ಜನ ಹೊರಡುತ್ತಾರೆ. ನಾನೂ ಹಾಗೇ ಮಾಡುತ್ತಿದ್ದೆ. ಕಾಲು ಸೋತಿರುತ್ತದೆ, ಬಿಸಿಲು ಏರಿರುತ್ತದೆ, ಕಿವಿಯಲ್ಲಿ ಇನ್ನೂ ತಮಟೆ ಸದ್ದು. ಹಳೆಯ ತೋಟಕ್ಕೆ ಬೇಕಾಗಿರುವುದು ಇದಕ್ಕೆ ತದ್ವಿರುದ್ಧ. ಅದಕ್ಕೇ ಈಗ ನಾನು ಎರಡು ದಿನ ಇಟ್ಟುಕೊಳ್ಳುತ್ತೇನೆ. ಮೊದಲ ದಿನ ತೇರು, ಮಾರನೇ ಬೆಳಿಗ್ಗೆ ತೋಟ.

ಇದಕ್ಕೆ ಶ್ರೀರಂಗಪಟ್ಟಣದಷ್ಟು ಹೊಂದುವ ಊರು ಇನ್ನೊಂದಿಲ್ಲ. ಮಾಘ ಶುದ್ಧ ಸಪ್ತಮಿ, ಅಂದರೆ ರಥಸಪ್ತಮಿಯ ದಿನ ರಂಗನಾಥಸ್ವಾಮಿಯ ತೇರು. ಆಗ ಚಳಿ ಪೂರ್ತಿ ಹೋಗಿರುವುದಿಲ್ಲ, ಬಿಸಿಲು ಹದವಾಗಿರುತ್ತದೆ. ರೈಲು ನಿಲ್ದಾಣದಿಂದ ದೇವಸ್ಥಾನಕ್ಕೆ ನಡೆದೇ ಹೋಗಬಹುದು. ದಾರಿಯಲ್ಲಿ ಟಿಪ್ಪು ಕಾಲದ ಸಿಡಿಮದ್ದಿನ ಮನೆಯನ್ನೂ ಹುಡುಕಿ ನೋಡಿ. ಜೋಡಿ ರೈಲು ಹಳಿ ಹಾಕಲು ಅಡ್ಡ ಬಂತು ಅಂತ 2017ರಲ್ಲಿ ಇಡೀ ಕಟ್ಟಡವನ್ನು ಒಡೆಯದೆ ಸುಮಾರು 100 ಮೀಟರ್ ಸರಿಸಿದರು.

ಮಾರನೇ ದಿನ ಬೆಳಿಗ್ಗೆ ಕೋಟೆಯಿಂದ ಗಂಜಾಂ ಕಡೆಗೆ ನಡೆದರೆ ದರಿಯಾ ದೌಲತ್ ಸಿಗುತ್ತದೆ. ಟಿಪ್ಪು 1784ರಲ್ಲಿ ಕಟ್ಟಿಸಿದ ಬೇಸಿಗೆ ಅರಮನೆ. ಹೆಚ್ಚಿನ ಭಾಗ ತೇಗದ ಮರ. ಸುತ್ತ ತೋಟ. ಗೇಟಿನಿಂದ ಕಟ್ಟಡದವರೆಗಿನ ನೇರ ದಾರಿಯನ್ನು ಅವಸರ ಮಾಡದೆ ನಡೆಯಿರಿ. ಮೊದಲ ಸಲ ನಾನು ಇಲ್ಲಿ ಹೂವು ಹುಡುಕಿದ್ದೆ. ಹುಲ್ಲು, ನಾಲ್ಕು ಸಾಲು ಗಿಡ, ಇಷ್ಟೇನಾ ಅನಿಸಿತ್ತು. ನೋಡಬೇಕಾದ್ದು ಹೂವಲ್ಲ. ದಾರಿಗಳು ಎಲ್ಲಿ ಸೇರುತ್ತವೆ, ನೆಲವನ್ನು ಹೇಗೆ ಚೌಕ ಚೌಕವಾಗಿ ಹಂಚಿದ್ದಾರೆ, ಕಟ್ಟಡವನ್ನು ಯಾಕೆ ಎತ್ತರದ ಕಟ್ಟೆಯ ಮೇಲೆ ಕೂರಿಸಿದ್ದಾರೆ, ಇದನ್ನು ನೋಡಬೇಕು. ಗಿಡ ಎಷ್ಟೋ ಸಲ ಬದಲಾಗಿದೆ. ಗೆರೆ ಉಳಿದಿದೆ. ಜಗುಲಿಯ ಮೇಲೆ ನಿಂತು ಬಂದ ದಾರಿಯನ್ನೇ ತಿರುಗಿ ನೋಡಿದರೆ ಇದು ತಾನಾಗಿಯೇ ಗೊತ್ತಾಗುತ್ತದೆ.

ಜಗುಲಿಯ ಸುತ್ತ ಹಸಿರು ಪರದೆ ಇಳಿಬಿಟ್ಟಿರುತ್ತಾರೆ, ಗೋಡೆಯ ಬಣ್ಣಕ್ಕೆ ಬಿಸಿಲು ತಾಗಬಾರದು ಅಂತ. ಒಳಗೆ ಮಬ್ಬು. ಕಣ್ಣು ಒಗ್ಗಲು ಎರಡು ಮೂರು ನಿಮಿಷ ಬೇಕು. ಆ ಎರಡು ನಿಮಿಷ ನಿಲ್ಲದೆ ಜನ ಮುಂದೆ ಹೋಗಿಬಿಡುತ್ತಾರೆ, ನನಗೆ ನಿಜಕ್ಕೂ ಬೇಸರವಾಗುತ್ತದೆ. ಪಶ್ಚಿಮದ ಗೋಡೆಯ ಮೇಲೆ 1780ರ ಪೊಳ್ಳಿಲೂರು ಯುದ್ಧ ಇದೆ. ಹೈದರ್ ಮತ್ತು ಟಿಪ್ಪು ಇಂಗ್ಲಿಷರ ಕರ್ನಲ್ ಬೈಲಿಯ ಸೈನ್ಯವನ್ನು ಸೋಲಿಸಿದ ಯುದ್ಧ. ಮೊದಲು ಕಾಣುವುದು ಕುದುರೆಗಳ ಗುಂಪು, ಕತ್ತಿ, ಕೆಂಪು ಕೋಟು. ಆಮೇಲೆ ನಡುವೆ ಮದ್ದಿನ ಗಾಡಿ ಸಿಡಿದ ಬೆಂಕಿ. ಅದರ ಹತ್ತಿರ ಪಲ್ಲಕ್ಕಿಯಲ್ಲಿ ಕೂತ ಬೈಲಿ. ಇಷ್ಟೆಲ್ಲ ಗದ್ದಲದ ನಡುವೆ ಆನೆಯ ಮೇಲೆ ಕೂತ ಟಿಪ್ಪು ಒಂದು ಹೂವನ್ನು ಮೂಗಿನ ಹತ್ತಿರ ಹಿಡಿದಿದ್ದಾನೆ. ನಾನು ಅದನ್ನು ಗಮನಿಸಿದ್ದು ಮೂರನೇ ಸಲ ಹೋದಾಗ. ತೋಟದ ಮನೆಯ ಗೋಡೆಯ ಮೇಲೆ, ಯುದ್ಧದ ಚಿತ್ರದಲ್ಲೂ, ಹೂವು ಹಿಡಿದ ಕೈ. ಎಷ್ಟು ಹೊತ್ತು ನಿಂತಿದ್ದೆನೋ ಗೊತ್ತಿಲ್ಲ.

ಈ ಚಿತ್ರಗಳೂ ತೋಟದ ಗಿಡದ ಹಾಗೆ ಮತ್ತೆ ಮತ್ತೆ ಹೊಸದಾಗಿವೆ. 1799ರಲ್ಲಿ ಟಿಪ್ಪು ಸತ್ತ ಮೇಲೆ ಬ್ರಿಟಿಷ್ ಸೇನಾಧಿಕಾರಿ ಆರ್ಥರ್ ವೆಲ್ಲೆಸ್ಲಿ ಇದೇ ಮನೆಯಲ್ಲಿ ವಾಸವಿದ್ದ. ಅವನು ಚಿತ್ರಗಳನ್ನು ಸರಿಪಡಿಸಿದ. ಮುಂದೆ ಗವರ್ನರ್ ಜನರಲ್ ಡಾಲ್‌ಹೌಸಿಯ ಕಾಲದಲ್ಲಿ ಮತ್ತೊಮ್ಮೆ ಬರೆಸಿದರು.

ಅಲ್ಲಿಂದ ಗುಂಬಜ್‌ಗೆ ಹೋಗಿ. ಹೈದರ್ ಮತ್ತು ಟಿಪ್ಪುವಿನ ಸಮಾಧಿ, ಸುತ್ತ 36 ಕರಿಕಲ್ಲಿನ ಕಂಬ. ಇದು ಇರುವ ತೋಟಕ್ಕೂ ಲಾಲ್‌ಬಾಗ್ ಅಂತಲೇ ಹೆಸರಿತ್ತು. 1792ರ ಮುತ್ತಿಗೆಯಲ್ಲಿ ಇಂಗ್ಲಿಷರ ಸೈನ್ಯ ಇಲ್ಲಿ ಬೀಡುಬಿಟ್ಟು ಸೈಪ್ರೆಸ್ ಮರಗಳನ್ನು ಕಡಿದು ಮುತ್ತಿಗೆಯ ಕೆಲಸಕ್ಕೆ ಬಳಸಿತು. ಈಗ ದಾರಿಯ ಎರಡೂ ಬದಿಗೆ ಕಾಣುವ ಸೈಪ್ರೆಸ್ ಸಾಲು ಆಮೇಲಿನದು. ಇದು ತಿಳಿದ ಮೇಲೆ ಆ ಸಾಲಿನ ನಡುವೆ ನಡೆಯುವುದೇ ಬೇರೆ ಥರ.

ಯಾವುದೇ ಹಳೆಯ ತೋಟಕ್ಕೆ ಹೋದರೂ ನಾನು ಕೇಳುವ ಒಂದು ಪ್ರಶ್ನೆ ಇದೆ: ನೀರು ಎಲ್ಲಿಂದ ಬರುತ್ತೆ? ಶ್ರೀರಂಗಪಟ್ಟಣದಲ್ಲಿ ಇದಕ್ಕೆ ಉತ್ತರ ಹುಡುಕಿ ಹೊರಟು ಬಂಗಾರದೊಡ್ಡಿ ನಾಲೆ ಕಂಡೆ. ರಣಧೀರ ಕಂಠೀರವ ನರಸರಾಜ ಒಡೆಯರು 17ನೇ ಶತಮಾನದಲ್ಲಿ ಕಟ್ಟಿಸಿದ್ದು. ಕಾವೇರಿಯ ಒಂದು ಕವಲಿನ ಮೇಲೆಯೇ ಕಾಲುವೆ ಹಾಯಿಸಿ ದ್ವೀಪದೊಳಕ್ಕೆ ನೀರು ತಂದಿದ್ದಾರೆ. ಹೊಳೆಯ ಮೇಲೆ ಹೊಳೆಯ ನೀರು ದಾಟುವುದನ್ನು ಮಕ್ಕಳಿಗೆ ತೋರಿಸಿ, ತುಂಬ ಖುಷಿಪಡುತ್ತಾರೆ.

ಕೆಆರ್‌ಎಸ್ ಹತ್ತಿರವೇ ಇದೆ, ಬೃಂದಾವನ ಬಿಡುವುದಾ ಅಂತ ಕೇಳಬಹುದು. ಹೋಗಿ, ಆದರೆ ಬೆಳಕಿರುವಾಗ ಹೋಗಿ. ಎಲ್ಲರೂ ಸಂಜೆಯ ಕಾರಂಜಿಗೆ ಬರುತ್ತಾರೆ. ಮಿರ್ಜಾ ಇಸ್ಮಾಯಿಲ್ ದಿವಾನರಾಗಿದ್ದಾಗ ಆದ ಆ ತೋಟದ ಚೆಲುವು ಮೆಟ್ಟಿಲು ಮೆಟ್ಟಿಲಾಗಿ ಇಳಿಯುವ ನೆಲದಲ್ಲಿದೆ. ಅದು ಕತ್ತಲಲ್ಲಿ ಕಾಣುವುದಿಲ್ಲ.

ದಸರಾ ಬೇಕು, ಮೈಸೂರಿನ ಜನಜಂಗುಳಿ ಬೇಡ ಅನ್ನುವವರಿಗೂ ಶ್ರೀರಂಗಪಟ್ಟಣ ಒಳ್ಳೆಯದು. ಒಡೆಯರ ದಸರಾ ಶುರುವಾದದ್ದೇ ಇಲ್ಲಿ, 1610ರಲ್ಲಿ ರಾಜ ಒಡೆಯರ ಕಾಲದಲ್ಲಿ. ಈಗಲೂ ಕಿರಂಗೂರಿನ ಬನ್ನಿಮಂಟಪದಿಂದ ಜಂಬೂಸವಾರಿ ಹೊರಡುತ್ತದೆ. ಮಡಿಕೇರಿಯದು ಪೂರ್ತಿ ರಾತ್ರಿಯ ದಸರಾ. ವಿಜಯದಶಮಿಯ ರಾತ್ರಿ ಮೆರವಣಿಗೆಯ ಹತ್ತು ಮಂಟಪಗಳು ಬೆಳಗಿನವರೆಗೂ ಬೀದಿಯಲ್ಲಿರುತ್ತವೆ. ಅಲ್ಲಿಗೆ ಹೋದರೆ ಮಾರನೇ ದಿನ ಮಲಗಿ ಎದ್ದು, ಅದರ ಮರುದಿನ ಬೆಳಿಗ್ಗೆ ರಾಜಾಸೀಟ್ ತೋಟಕ್ಕೆ ಹೋಗಿ. ಸಂಜೆ ಸೂರ್ಯ ಮುಳುಗುವುದನ್ನು ನೋಡಲು ಎಲ್ಲರೂ ಬರುತ್ತಾರೆ. ಬೆಳಿಗ್ಗೆ ಮಂಜು ಮಾತ್ರ ಇರುತ್ತದೆ.

ಜೊತೆಗೆ ಏನು ಒಯ್ಯಬೇಕು ಅಂತ ಕೆಲವರು ಕೇಳುತ್ತಾರೆ. ಹೆಚ್ಚೇನಿಲ್ಲ. ಬಿಚ್ಚಿ ಹಾಕಲು ಸುಲಭವಾದ ಚಪ್ಪಲಿ, ಅದನ್ನು ಇಟ್ಟುಕೊಳ್ಳಲು ಒಂದು ಬಟ್ಟೆ ಚೀಲ, ನೀರು, ಚಿಲ್ಲರೆ. ರಾತ್ರಿ ಉಳಿಯುವ ಜಾಗವನ್ನು ಮಾತ್ರ ಮುಂಚೆಯೇ ಗಟ್ಟಿ ಮಾಡಿಕೊಳ್ಳಿ. ಒಮ್ಮೆ ಫೋನಿನಲ್ಲಿ ಮಾತಾಡಿದ್ದನ್ನೇ ನಂಬಿ ಹೋದೆ, ಕೋಣೆ ಬೇರೆಯವರಿಗೆ ಹೋಗಿತ್ತು. ಬಸ್ ನಿಲ್ದಾಣದ ಕಲ್ಲುಬೆಂಚಿನ ಮೇಲೆ ರಾತ್ರಿ ಕಳೆದೆ. ಈಗ ಮುಂಗಡ ಕೊಟ್ಟು ರಸೀದಿ ತೆಗೆದುಕೊಳ್ಳುತ್ತೇನೆ.

ಹಿಂದಿನ ರಥಸಪ್ತಮಿಯ ಮಾರನೇ ಬೆಳಿಗ್ಗೆ ಗುಂಬಜ್ ತೋಟದಲ್ಲಿ ನಾನೊಬ್ಬನೇ ಇದ್ದೆ. ಕೆಲಸದವರೊಬ್ಬರು ಪೈಪಿನಲ್ಲಿ ಹುಲ್ಲಿಗೆ ನೀರು ಬಿಡುತ್ತಿದ್ದರು. ನನ್ನನ್ನು ನೋಡಿ, "ನಿನ್ನೆ ತೇರಿಗೆ ಬಂದಿದ್ರಾ ಸಾರ್?" ಅಂದರು. ಹೌದು ಅಂದೆ.

"ಹಗ್ಗ ಹಿಡಿದ್ರಾ?"

ಇಲ್ಲ, ದೂರ ನಿಂತಿದ್ದೆ ಅಂದೆ. ಅವರು ಪೈಪನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು ಎರಡೂ ಅಂಗೈ ಬಿಚ್ಚಿ ತೋರಿಸಿದರು. ಬೆರಳಿನ ಬುಡದಲ್ಲಿ ಹಗ್ಗ ಉಜ್ಜಿದ ಕೆಂಪು ಗೆರೆ. ಬೆಳಿಗ್ಗೆ ಕೆಲಸ ಮುಗಿಸಿ ಓಡಿ ಹೋಗಿ ಹಗ್ಗ ಹಿಡಿದಿದ್ದರಂತೆ. ಚಿಕ್ಕಂದಿನಿಂದ ಒಂದು ವರ್ಷವೂ ತಪ್ಪಿಸಿಲ್ಲವಂತೆ.

"ಬರೋ ವರ್ಷ ಬನ್ನಿ ಸಾರ್. ಬಲಗಡೆ ಹಗ್ಗದ ಹತ್ರ ನಿಂತಿರ್ತೀನಿ, ಜಾಗ ಮಾಡಿಕೊಡ್ತೀನಿ" ಅಂತ ಹೇಳಿ, ಪೈಪನ್ನು ಎಳೆದುಕೊಂಡು ಪಕ್ಕದ ಚೌಕಕ್ಕೆ ಹೋದರು.