ಹಳೆಯ ಪುಸ್ತಕ ಕೂಡಿಟ್ಟವರು ಗ್ರಂಥಾಲಯ ಮಾಡಲು ಹೊರಟರೆ

ಅಮೆರಿಕದ ಸ್ಟ್ಯಾಂಡರ್ಡ್ ಆಯಿಲ್ ಎಣ್ಣೆ ಕಂಪನಿಯ ಸಾಹುಕಾರ ಹೆನ್ರಿ ಫೋಲ್ಜರ್ ಶೇಕ್ಸ್‌ಪಿಯರನ ನಾಟಕಗಳ ಮೊದಲ ಸಂಗ್ರಹವಾದ 1623ರ 'ಮೊದಲ ಫೋಲಿಯೊ'ದ 82 ಪ್ರತಿಗಳನ್ನು ಕೂಡಿಹಾಕಿದ. ಬಹುಕಾಲ ಅವನ ಪುಸ್ತಕಗಳೆಲ್ಲ ಪೆಟ್ಟಿಗೆ ಸೇರಿ ಗೋದಾಮುಗಳಲ್ಲೇ ಬಿದ್ದಿದ್ದವು. ಅವುಗಳಿಗಾಗಿ ವಾಷಿಂಗ್ಟನ್‌ನಲ್ಲಿ ಅವನ ಹೆಸರಿನ ಗ್ರಂಥಾಲಯ ತೆರೆದದ್ದು 1932ರಲ್ಲಿ, ಅವನು ತೀರಿಕೊಂಡ ಎರಡು ವರ್ಷಕ್ಕೆ. ಹಾಗಾಗಿ ಇನ್ನಷ್ಟು ಕೊಳ್ಳುವ ಮುನ್ನ ಇರುವುದನ್ನು ಓದುಗರ ಕೈಗೆ ಕೊಡುವ ಏರ್ಪಾಡು ಮಾಡಿ. ಕೂಡಿಟ್ಟ ಪುಸ್ತಕಗಳನ್ನು ಎಲ್ಲರ ಓದಿಗೆ ತೆರೆದಿಟ್ಟ ಪಾಂಡವಪುರ ತಾಲ್ಲೂಕು ಹರಳಹಳ್ಳಿಯ ಅಂಕೇಗೌಡರ ಪುಸ್ತಕಮನೆಯನ್ನು ಒಮ್ಮೆ ನೋಡಿ ಬನ್ನಿ. ಅವರು ಸಕ್ಕರೆ ಕಾರ್ಖಾನೆಯಲ್ಲಿ ದುಡಿದವರು, ಸಾಹುಕಾರರಲ್ಲ.

ಹೊಸದಾಗಿ ಬಂದ ಹಳೆಯ ಪುಸ್ತಕವನ್ನು ನೇರ ಕಪಾಟಿಗೆ ಸೇರಿಸಬೇಡಿ. ಒಂದರ ಹುಳು ನೂರಕ್ಕೆ ಹತ್ತುತ್ತದೆ. ಗಾಳಿಯಾಡದ ಪ್ಲಾಸ್ಟಿಕ್ ಚೀಲದಲ್ಲಿ ಬಿಗಿಯಾಗಿ ಸುತ್ತಿ ಮೈನಸ್ 20 ಡಿಗ್ರಿಯ ಡೀಪ್ ಫ್ರೀಜರ್‌ನಲ್ಲಿ ಎರಡು ವಾರ ಇಡಿ. ಹೊರತೆಗೆದ ಮೇಲೆ ಒಂದು ದಿನ ಚೀಲ ಬಿಚ್ಚಕೂಡದು, ಬಿಚ್ಚಿದರೆ ತಣ್ಣನೆಯ ಹಾಳೆಯ ಮೇಲೆ ನೀರು ಕೂರುತ್ತದೆ. ಚರ್ಮದ ಕಟ್ಟಿನ ಪುಸ್ತಕಕ್ಕೂ ಓಲೆಗರಿಗೂ ಇದು ಬೇಡ. ಓಲೆಗರಿ ಸಿಕ್ಕರೆ ಬಿಡಿಸುವುದಕ್ಕೂ ಹೋಗದೆ ಮೈಸೂರಿನ ಪ್ರಾಚ್ಯವಿದ್ಯಾ ಸಂಶೋಧನಾಲಯದವರನ್ನು ಕೇಳಿ. ಕೌಟಿಲ್ಯನ ಅರ್ಥಶಾಸ್ತ್ರದ ಓಲೆ ಬೆಳಕಿಗೆ ಬಂದದ್ದು ಅಲ್ಲೇ.

ಕಬ್ಬಿಣದ ಕಪಾಟು ಗೋಡೆಯಿಂದಲೂ ನೆಲದಿಂದಲೂ ಅರ್ಧ ಅಡಿ ದೂರ ಇರಲಿ. ಗೆದ್ದಲು ಗೋಡೆ ಹಿಡಿದೇ ಏರುವುದು. ಮಳೆಗಾಲದಲ್ಲಿ ತೇವ ಶೇ. 60 ದಾಟದಂತೆ ನೋಡಿಕೊಳ್ಳಿ, ಅಳೆಯುವ ಸಣ್ಣ ಮೀಟರು ಅಗ್ಗಕ್ಕೆ ಸಿಗುತ್ತದೆ. ಕಪಾಟಿನ ತುಂಬ ನುಸಿಗುಳಿಗೆ ಸುರಿಯುವುದು ನಮ್ಮಲ್ಲಿ ರೂಢಿ. ಅದರ ಆವಿ ಓದುಗರಿಗೆ ಹಿತವಲ್ಲ, ಗೆದ್ದಲಿಗಂತೂ ಲೆಕ್ಕಕ್ಕಿಲ್ಲ.

ಹರಿದ ಹಾಳೆಗೆ ಸೆಲ್ಲೋಟೇಪ್ ಹಚ್ಚಲೇಬೇಡಿ. ಕೆಲವೇ ವರ್ಷದಲ್ಲಿ ಟೇಪು ಕಳಚಿ, ಅಂಟು ಮಾತ್ರ ಕಾಗದಕ್ಕಿಳಿದು ಹಳದಿ ಪಟ್ಟಿಯಾಗಿ ಉಳಿಯುತ್ತದೆ. ಮೈದಾ ಗೋಂದು ಹುಳುಗಳಿಗೆ ಔತಣ. 100 ಮಿಲಿ ನೀರಿಗೆ 3 ಗ್ರಾಂ ಮೀಥೈಲ್ ಸೆಲ್ಯುಲೋಸ್ ಎಂಬ ಅಂಟಿನ ಪುಡಿ ಕಲಸಿ ರಾತ್ರಿಯಿಡೀ ಬಿಟ್ಟು, ತೆಳು ಜಪಾನೀ ಕಾಗದವನ್ನು ಅದರಿಂದ ಅಂಟಿಸಿ. ಮುಂದೆ ಬೇಕೆಂದಾಗ ನೀರು ಸವರಿ ತೆಗೆಯಬಹುದು. ಲ್ಯಾಮಿನೇಷನ್ ಮಾಡಿಸಿದ್ದನ್ನು ಹಾಗೆ ತೆಗೆಯಲಾಗದು.

ರಿಜಿಸ್ಟರ್ ಮೊದಲ ದಿನದಿಂದಲೇ ಬೇಕು: ಕ್ರಮಸಂಖ್ಯೆ, ಹೆಸರು, ಲೇಖಕ, ಮುದ್ರಣದ ಊರು ಮತ್ತು ವರ್ಷ, ಎಲ್ಲಿಂದ ಬಂತು, ಕೊಟ್ಟ ಬೆಲೆ. ಸಾಮಾನ್ಯವಾಗಿ ಬಿಟ್ಟುಹೋಗುವುದು 'ಎಲ್ಲಿಂದ ಬಂತು' ಎಂಬ ಅಂಕಣ. ಅದು ಖಾಲಿಯಾದರೆ ನಾಳೆ ಯಾರಾದರೂ ಪುಸ್ತಕ ತಮ್ಮದೆಂದು ಬಂದಾಗ ಉತ್ತರವಿರುವುದಿಲ್ಲ. ಪುಸ್ತಕದೊಳಗೆ ಸಂಖ್ಯೆಯನ್ನು ಪೆನ್ಸಿಲ್‌ನಲ್ಲಿ ಬರೆಯಿರಿ. ಹಳೆಯ ಒಡೆಯರ ಸಹಿ, ಅಂಗಡಿಯ ಚೀಟಿ ಕೊಳಕಾಗಿ ಕಂಡರೂ ಕೀಳಬೇಡಿ, ಪುಸ್ತಕದ ವಂಶಾವಳಿ ಅದೇ. ವಿಷಯಕ್ಕೊಂದು ಸಂಖ್ಯೆ ಕೊಟ್ಟು ಪುಸ್ತಕ ಜೋಡಿಸುವ ಡ್ಯೂಯಿ ಪದ್ಧತಿಯಲ್ಲಿ ಕನ್ನಡ ಸಾಹಿತ್ಯದ ಸಂಖ್ಯೆ 894.814.

ಗ್ರಂಥಾಲಯವನ್ನು ಸಂಘವಾಗಿ ನೋಂದಾಯಿಸಲು ಕರ್ನಾಟಕದ 1960ರ ಸಂಘಗಳ ನೋಂದಣಿ ಕಾಯ್ದೆಯಂತೆ ಕನಿಷ್ಠ 7 ಸದಸ್ಯರು ಬೇಕು. ಸ್ಕ್ಯಾನ್ ಮಾಡಿ ಎಲ್ಲರಿಗೂ ಹಂಚುವುದಾದರೆ ಹಕ್ಕುಸ್ವಾಮ್ಯ ನೋಡಿ: ಲೇಖಕರು ತೀರಿಕೊಂಡ ಮುಂದಿನ ವರ್ಷದಿಂದ 60 ವರ್ಷ ಎಣಿಸಬೇಕು. 1962ರಲ್ಲಿ ತೀರಿಕೊಂಡವರ ಕೃತಿ ಮುಕ್ತವಾದದ್ದು 2023ರ ಜನವರಿ 1ಕ್ಕೆ.